ಸುಣ್ಣದ ಬೆನ್ನಿಗಿದ್ದ ಅಕ್ಷರ

ಮೊದಲ ನೋಟಕ್ಕೆ ಅದು ಕಲ್ಲೇ ಅಲ್ಲ ಅನ್ನಿಸಿತು. ಹೊಲದ ಬದುವಿನ ಮೇಲೆ, ಹುಣಸೆ ಮರದ ಪಕ್ಕ, ಯಾರೋ ಮೊಸರನ್ನ ಕಲೆಸಿ ಆಳೆತ್ತರಕ್ಕೆ ಮೆತ್ತಿ ನಿಲ್ಲಿಸಿದ ಹಾಗಿತ್ತು. ಹತ್ತಿರ ಹೋಗಿ ಓರೆಯಾಗಿ ನೋಡಿದರೆ ಕುದುರೆಯ ಕುತ್ತಿಗೆಯಂಥ ಒಂದು ಉಬ್ಬು, ಎತ್ತಿದ ಕತ್ತಿಯಂಥ ಒಂದು ಏಣು. ವೀರಗಲ್ಲು ಅನ್ನುವುದಕ್ಕೆ ಅಷ್ಟು ಸಾಕು. ಅದರ ಮೇಲೆ ಬರಹ ಇದೆಯೋ ಇಲ್ಲವೋ ಅನ್ನುವುದಕ್ಕೆ ಸಾಲದು. ಪುರಾತತ್ವ ಇಲಾಖೆ ನನ್ನನ್ನು ಕಳಿಸಿದ್ದು ಆ ಎರಡನೆಯದಕ್ಕೆ.

ಕನ್ನಡ ನಾಡು ಒಂದಾಗಿ ಕೆಲವು ವರ್ಷ ಕಳೆದಿದ್ದ ಕಾಲ. ಹಳ್ಳಿಹಳ್ಳಿಯ ಶಾಸನ, ವೀರಗಲ್ಲುಗಳನ್ನು ಹುಡುಕಿ ಕಾಪಾಡಬೇಕು, ನಾಡಿನ ಇತಿಹಾಸ ಜನರಿಗೆ ಮುಟ್ಟಬೇಕು ಎಂದು ಸುತ್ತೋಲೆ ಬಂದಿತ್ತು. ಅದೇ ಸರ್ಕಾರದ ಇನ್ನೊಂದು ಸುತ್ತೋಲೆಯ ಪ್ರಕಾರ ಕ್ಯಾಸಂಬಳ್ಳಿ ಕಡೆಗೆ ರಸ್ತೆ ಆಗಬೇಕಿತ್ತು. ರಸ್ತೆಯ ಗೀಟು ನೆಟ್ಟಗೆ ಈ ಹುಣಸೆ ಮರದ ಮೇಲೇ ಹಾದುಹೋಗಿತ್ತು. ದಾರಿಯ ಬಂಡೆಗಳನ್ನೆಲ್ಲ ಒಡೆದು ಜಲ್ಲಿ ಮಾಡುತ್ತ ಕಂಟ್ರಾಕ್ಟರನ ಆಳುಗಳು ಎರಡು ಹೊಲದಾಚೆಯವರೆಗೆ ಬಂದಾಗಿತ್ತು. ಒಂದೇ ಸರ್ಕಾರದ ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದು ಕೈಯಲ್ಲಿ ಬುರುಸು. ಬುರುಸು ಅಂದರೆ ನಾನು.

ಬಂಗಾರಪೇಟೆಯ ಕಚೇರಿಯಲ್ಲಿ ರಸ್ತೆಯ ಓವರ್‌ಸಿಯರ್ ಕೆಟ್ಟವರೇನಲ್ಲ. "ನೋಡ್ರಿ, ಸೋಮವಾರ ಆಳುಗಳು ಅಲ್ಲಿಗೆ ಮುಟ್ತಾರೆ. ಅಷ್ಟರೊಳಗೆ ಅಕ್ಷರ ತೋರಿಸಿ, ರಸ್ತೆ ತಿರುಗಿಸ್ತೀನಿ. ಬರೀ ಬೊಂಬೆ ಕಲ್ಲಾದ್ರೆ ನನ್ ಕೈಲಾಗಲ್ಲ. ಅಂಥವು ಊರಿಗೆರಡಿವೆ."

"ಅಕ್ಷರ ಇರಬಹುದು ಸಾರ್, ಸುಣ್ಣದ ಕೆಳಗೆ."

"ಇರಬಹುದು ಅಂತ ಬರೆದು ಮೇಲಿನೋರಿಗೆ ಕಳಿಸಿದ್ರೆ, ನಾನು ಈ ಕುರ್ಚೀಲಿ ಇರಬಹುದು ಅಂತ ಅವರೂ ಬರೀತಾರೆ."

ನಾನು ಹುಟ್ಟಾ ಅಂಜುಬುರುಕ. ಆ ಸಲ ಎರಡು ಕೊಡೆ ತಂದಿದ್ದೆ, ಒಂದು ನನಗೆ, ಒಂದು ಕಾಗದಕ್ಕೆ. ಮನೆಯಾಕೆ, "ಮಳೆ ಬರೋ ಹೊತ್ತಿಗೆ ನೀವು ಕಾಗದಕ್ಕೇ ಎರಡೂ ಹಿಡೀತೀರಿ" ಅಂದಿದ್ದಳು. ಮಳೆ ಬರಲಿಲ್ಲ. ಬಂದದ್ದು ಧೂಳು.

ಪಡಿಯಚ್ಚು ತೆಗೆಯುವ ಕ್ರಮ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಕಲ್ಲನ್ನು ನೀರು, ನಾರಿನ ಬುರುಸು ಹಾಕಿ ತಿಕ್ಕಿ ತೊಳೆಯಬೇಕು. ಒದ್ದೆ ಕಾಗದವನ್ನು ಅದರ ಮೈಗೆ ಹಾಸಿ, ಗಡಸು ಬುರುಸಿನಿಂದ ಹದವಾಗಿ ಬಡಿಯಬೇಕು. ಕಾಗದ ಅಕ್ಷರದ ಗುಳಿಯೊಳಕ್ಕೆ ಇಳಿಯಬೇಕು. ಅರೆ ಒಣಗಿದ ಮೇಲೆ ಬಟ್ಟೆಯ ಉಂಡೆಯಲ್ಲಿ ಕಾಡಿಗೆ ಮಸಿ ತೆಗೆದುಕೊಂಡು ಮೆಲ್ಲಗೆ ಒತ್ತುತ್ತ ಹೋದರೆ ಕಾಗದ ಕಪ್ಪಾಗುತ್ತದೆ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಇಷ್ಟೇ. ಆದರೆ ಎಲ್ಲಕ್ಕೂ ಮೊದಲು ಕಲ್ಲಿನ ಮೈ ಸಿಗಬೇಕು.

ಬುರುಸನ್ನು ನೀರಿಗೆ ಅದ್ದಿದ್ದೆ, ಅಷ್ಟೆ. ಹಿಂದಿನಿಂದ ಧ್ವನಿ ಬಂತು.

"ಏನ್ ಸಾಮಿ, ಕಲ್ಲಿಗೆ ಮೈ ತೊಳೀತೀರಾ?"

ಸೌದೆ ಹೊರೆ ಹೊತ್ತ ಒಬ್ಬ ಹೆಂಗಸು. ಅರವತ್ತರ ಆಸುಪಾಸು. ಕಲ್ಲಿನ ಪಕ್ಕದ ಹೊಲ ಅವಳದು, ಕಲ್ಲೂ ಅವಳ ವಂಶದವರದೇ. ನಾನು ಸರ್ಕಾರದವನು, ಸುಣ್ಣ ಕೆರೆದು ಕೆಳಗಿನ ಬರಹ ನೋಡಬೇಕು ಅಂದೆ. ಆಯಮ್ಮ ಹೊರೆ ಇಳಿಸಿದಳು, ಬಂದು ಕಲ್ಲಿಗೂ ನನಗೂ ನಡುವೆ ನಿಂತಳು.

"ಅದು ಬರೀ ಸುಣ್ಣ ಅಲ್ಲ ಸಾಮಿ. ನಮ್ಮ ವಂಶದ ಗಂಡಸು ಗಣಿನಾಗೆ ತೀರ್ಕಂಡ್ರೆ ಇಲ್ಲಿಗೆ ಒಂದು ಬಳಿತ ಬಳೀತೀವಿ. ಮೊದ್ಲು ಅರಳೆಣ್ಣೆ ಸವರಿ, ಆಮೇಲೆ ಸುಣ್ಣ. ನಮ್ಮ ಮಾವನದೈತೆ, ನಮ್ಮ ಯಜಮಾನ್ರದೈತೆ. ಮೇಲ್ಗಡೆದು ನನ್ನ ಮಗಂದು."

ಚಿನ್ನದ ಗಣಿಯ ಆಳದಲ್ಲಿ ಬಂಡೆ ತಾನಾಗಿ ಸಿಡಿಯುವುದನ್ನು ಅಲ್ಲಿಯವರು ಏರ್‌ಬ್ಲಾಸ್ಟು ಅನ್ನುತ್ತಾರೆ. ಅಂಥದರಲ್ಲಿ ಮಗ ಹೋಗಿದ್ದ. ಸುರಂಗ ಮುಚ್ಚಿಹೋಗಿ ಹೆಣ ಮೇಲೆ ಬರಲೇ ಇಲ್ಲ.

"ಸುಡಾಕೂ ಸಿಕ್ನಿಲ್ಲ, ಊಳಾಕೂ ಸಿಕ್ನಿಲ್ಲ. ಇರೋದು ಇದೊಂದೇ ಸಾಮಿ. ಇದನ್ನ ಕೆರೀತೀನಿ ಅಂತೀರಲ್ಲ."

ನಮ್ಮ ಇಲಾಖೆಯ ಕೈಪಿಡಿಯಲ್ಲಿ ಸುಣ್ಣಕ್ಕೆ 'ವಿಕಾರ' ಎಂದು ಹೆಸರು. ಶಿಲ್ಪದ ಮೇಲಿನ ಸುಣ್ಣವನ್ನು ತೆಗೆಯುವುದು ಸಂರಕ್ಷಣೆಯ ಮೊದಲ ಮೆಟ್ಟಿಲು. ಅದನ್ನು ಆಯಮ್ಮನಿಗೆ ಹೇಳುವ ಧೈರ್ಯ ಬರಲಿಲ್ಲ. ಬುರುಸು ಒರೆಸಿ ಚೀಲಕ್ಕೆ ಹಾಕಿಕೊಂಡೆ. ಸೋಮವಾರ ಸುತ್ತಿಗೆಯವರು ಬರುತ್ತಾರೆ, ಆಗ ಕಲ್ಲೂ ಇರುವುದಿಲ್ಲ ಸುಣ್ಣವೂ ಇರುವುದಿಲ್ಲ ಅನ್ನುವುದನ್ನು ಮಾತ್ರ ಹೇಳಿದೆ. ಆಯಮ್ಮ ನಂಬಲಿಲ್ಲ. "ಸರ್ಕಾರದೋರು ನೀವು ಇಲ್ಲೇ ಇದ್ದೀರಲ್ಲ" ಅಂದಳು.

ಕೆರೆಯದೆ ಏನಾದರೂ ಆದೀತೇ ಎಂದು ಮೊದಲು ಸುಣ್ಣದ ಮೇಲೇ ಕಾಗದ ಹಾಸಿ ನೋಡಿದೆ. ಒಳಗಿನ ಗುಳಿಯ ನೆರಳು ಮೇಲೆ ಬಿದ್ದಿದ್ದರೂ ಬಿದ್ದಿರಬಹುದು ಅನ್ನುವ ಆಸೆ. ಕಾಗದ ಅರೆ ಒಣಗುವ ಹೊತ್ತಿಗೆ ಗಾಳಿ ಎದ್ದಿತು. ಆ ಸೀಮೆಯವರಿಗೆ ಗೊತ್ತು, ಗಾಳಿ ಎದ್ದರೆ ಸೈನೈಡ್ ದಿಬ್ಬದ ಧೂಳು ಊರಿಗೆಲ್ಲ ಬರುತ್ತದೆ. ಚಿನ್ನ ತೆಗೆದ ಮೇಲೆ ಉಳಿದ ಪುಡಿ, ಹಿಟ್ಟಿಗಿಂತ ನುಣುಪು. ನನ್ನ ಒದ್ದೆ ಕಾಗದದ ತುಂಬ ಅದು ಕೂತಿತು, ಮಸಿ ಹಿಡಿಯಲಿಲ್ಲ. ಎರಡು ಕೊಡೆಯೂ ಮಗುಚಿಕೊಂಡು ಹೊಲದ ಆಚೆಗೆ ಹೋದವು. ಎರಡನೆಯ ಕಾಗದ ನೆಟ್ಟಗೆ ಬಂತು. ಅದರಲ್ಲಿ ಅಮಾವಾಸ್ಯೆಯಂಥ ಕಪ್ಪಿನ ಹೊರತು ಏನೂ ಇರಲಿಲ್ಲ.

ಮಾರನೆಯ ಮಧ್ಯಾಹ್ನ ಬುಡ ಅಗೆಯೋಣ ಅಂದುಕೊಂಡೆ. ನೆಲದೊಳಗೆ ಹೂತ ಭಾಗಕ್ಕೆ ಸುಣ್ಣ ಮುಟ್ಟಿರುವುದಿಲ್ಲ. ಆಯಮ್ಮ ಒಪ್ಪಿದಳು. ಗಣಿಯಲ್ಲಿ ಮೊದಲ ಶಿಫ್ಟು ಮುಗಿಸಿ ಸೈಕಲ್ಲಿನಲ್ಲಿ ಬಂದ ಮೈದುನನ ಮಗನನ್ನು ಗುದ್ದಲಿ ಕೊಟ್ಟು ಕಳಿಸಿದಳು. ಮೂವತ್ತರ ಗಟ್ಟಿ ಆಳು. ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ.

"ಅಗಿಯೋದೇ ನನ್ನ ಕೆಲ್ಸ ಬಿಡಿ ಸಾರ್. ಇಷ್ಟು ವರ್ಷ ಅಗ್ದು ಒಂದು ಮೂಗುಬಟ್ಟಿನಷ್ಟು ಚಿನ್ನ ಕಣ್ಣಾರೆ ಕಾಣ್ನಿಲ್ಲ. ನಿಮ್ಗೆ ಅಕ್ಷರ ಸಿಕ್ತದಾ ನೋಡಾನ."

"ಲೇ, ಬಾಯಿ ಮುಚ್ಕೊಂಡು ಅಗಿಯಲಾ" ಅಂದಳು ಆಯಮ್ಮ ಮರದ ಕೆಳಗಿಂದ.

"ಮುಚ್ಕೊಂಡೇ ಅಗೀತೀನಿ ದೊಡ್ಡಮ್ಮ, ಬಾಯ್ನಾಗೆ ಮಣ್ಣೈತೆ."

ಸೊಂಟದ ಆಳಕ್ಕೆ ಹೋದೆವು. ಉಳಿ ಮುಟ್ಟದ ಒರಟು ಬಂಡೆ, ಅಷ್ಟೇ. ಅವನು ಗುಂಡಿಯಿಂದ ಮೇಲೆ ಬಂದು ನನ್ನ ಮುಖ ನೋಡಿ, ನಾನು ಹೇಳುವ ಮೊದಲೇ ಮಣ್ಣನ್ನು ಮತ್ತೆ ಒಳಗೆ ಎಳೆಯತೊಡಗಿದ.

ಗಣಿಯ ಪಕ್ಕದ ಊರಿಗಾಂ ಅಂಚೆ ಕಚೇರಿಯಿಂದ ಇಲಾಖೆಗೆ ತಂತಿ ಕೊಟ್ಟೆ. ಉತ್ತರ ಶನಿವಾರ ಬಂತು: ನಿಯಮದಂತೆ ಸುಣ್ಣ ತೆಗೆಯಿರಿ, ಬರಹವಿಲ್ಲದಿದ್ದರೆ ಕೈಬಿಡಿ. ತಂತಿಯನ್ನು ಜೇಬಿನಲ್ಲಿಟ್ಟುಕೊಂಡು ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತೆ. ಎದುರಿಗೆ ಗಣಿ ಆಳುಗಳ ಲೈನಿನ ಮನೆಗಳಿಂದ ಸಾರಿನ ಒಗ್ಗರಣೆ ವಾಸನೆ ಬರುತ್ತಿತ್ತು. ಹಸಿವು ಕೂಡ ಆಗಲಿಲ್ಲ. ಕೆರೆದರೆ ಮಗನನ್ನು ಅಳಿಸಿದ ಹಾಗೆ, ಕೆರೆಯದಿದ್ದರೆ ಮಗ, ಗಂಡ, ಮಾವ, ಕುದುರೆಯ ಮೇಲಿನ ಆ ವೀರ ಎಲ್ಲರೂ ಸೇರಿ ರಸ್ತೆಗೆ ಜಲ್ಲಿ. ಕಾಯಿಲೆ ಬಿದ್ದು ವಾಪಸು ಹೋದರೆ ಹೇಗೆ ಅಂತ ಕೂಡ ಯೋಚಿಸಿದೆ. ಹಣೆ ಮುಟ್ಟಿ ನೋಡಿಕೊಂಡೆ. ಜ್ವರ ಇರಲಿಲ್ಲ.

ಅಲ್ಲಿ ಕೂತಾಗಲೇ ಅರಳೆಣ್ಣೆ ನೆನಪಾದದ್ದು.

ಹಿಂದೊಮ್ಮೆ ಬೀಳುವ ಸ್ಥಿತಿಯಲ್ಲಿದ್ದ ಗುಡಿಯ ಗೋಡೆಯಿಂದ ಚಿತ್ರ ಕಳಚುವುದನ್ನು ನೋಡಿದ್ದೆ. ಚಿತ್ರದ ಮುಖಕ್ಕೆ ಅಂಟು ಹಚ್ಚಿ ಬಟ್ಟೆ ಹಾಸುತ್ತಾರೆ. ಒಣಗಿದ ಮೇಲೆ ಹಿಂದಿನಿಂದ ಬಿಡಿಸಿದರೆ ಬಟ್ಟೆಯ ಜೊತೆ ಗಾರೆಯೂ ಹಾಳೆಯ ಹಾಗೆ ಬರುತ್ತದೆ. ಈ ಸುಣ್ಣದ ಬುಡದಲ್ಲಿ ಎಣ್ಣೆಯಿದೆ. ಎಣ್ಣೆಯ ಮೇಲೆ ಕೂತ ಸುಣ್ಣ ಕಲ್ಲನ್ನು ಗಟ್ಟಿಯಾಗಿ ಹಿಡಿದಿರುವುದಿಲ್ಲ. ಕೆರೆಯುವುದು ಬೇಡ, ಎಲ್ಲ ಬಳಿತವನ್ನೂ ಒಟ್ಟಿಗೆ ಚಕ್ಕೆಯಾಗಿ ಎತ್ತಬಹುದು. ಅಚ್ಚು ತೆಗೆದು ಮತ್ತೆ ಅಲ್ಲೇ ಕೂರಿಸಬಹುದು. ಆದರೆ ನಾನು ನೋಡಿದ್ದೆ, ಅಷ್ಟೆ, ಮಾಡಿದವನಲ್ಲ.

ಭಾನುವಾರ ಬೆಳಗ್ಗೆ ಆಯಮ್ಮನಿಗೆ ಎಲ್ಲ ಬಿಡಿಸಿ ಹೇಳಿದೆ. ಅಷ್ಟರಲ್ಲಿ ತನ್ನ ಹೊಲದ ಆಚೆಯ ಬಂಡೆಗಳು ಜಲ್ಲಿಯಾದದ್ದನ್ನು ಅವಳೂ ನೋಡಿದ್ದಳು. ಎದ್ದು ಹೋಗಿ ಕಲ್ಲಿನ ಸುಣ್ಣದ ಮೇಲೆ ಅಂಗೈ ಇಟ್ಟಳು.

"ಮಗನ್ನ ಅಂಗೇ ಎತ್ತಿ ಅಂಗೇ ಇಡ್ತೀರಾ?"

"ಪ್ರಯತ್ನ ಪಡ್ತೀನಿ ಅಮ್ಮ."

"ಪ್ರಯತ್ನ ಅಂತ ಏಳ್ಬ್ಯಾಡಿ ಸಾಮಿ. ಗಣಿಯೋರೂ ಅದನ್ನೇ ಏಳಿದ್ರು."

ನನ್ನ ನೌಕರಿಯಲ್ಲಿ 'ಪರಿಶೀಲಿಸಲಾಗುವುದು' ಎನ್ನುವುದಕ್ಕಿಂತ ಗಟ್ಟಿಯಾದ ಮಾತನ್ನು ನಾನು ಯಾರಿಗೂ ಕೊಟ್ಟವನಲ್ಲ. "ಇಡ್ತೀನಿ" ಅಂದೆ.

ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಶಿಲ್ಪದ ಸಾಲುಗಳ ನಡುವಿನ ಪಟ್ಟಿಯಲ್ಲಿ ಬರಹ ಇರುತ್ತದೆ. ಆ ಪಟ್ಟಿಯಷ್ಟನ್ನೇ ಆರಿಸಿಕೊಂಡೆ. ಮೈದಾ ಅಂಟು ಕಾಯಿಸಿದೆವು. ನನ್ನ ಒಗೆದ ಪಂಚೆ ಹರಿದು ಎರಡು ಪದರ ಹಾಸಿದೆ. ಗಾಳಿಗೆ ಅಡ್ಡಲಾಗಿ ಆಯಮ್ಮನ ಮನೆಯ ಚಾಪೆಗಳನ್ನು ಕಟ್ಟಿದೆವು. ಬಟ್ಟೆ ಒಣಗಿ ತಮಟೆಯ ಹಾಗೆ ಬಿಗಿಯಾಗುವವರೆಗೆ ಕಾದೆವು. ಅದರ ಅಂಚಿನ ಗುಂಟ ಸುಣ್ಣವನ್ನು ಗೀರಿ, ತೆಳು ಗರಗಸದ ಬ್ಲೇಡನ್ನು ಮೇಲಿನಿಂದ ಒಳಗೆ ಬಿಟ್ಟೆ. ಗಣಿಯವನು ಕೆಳಗಿನಿಂದ ಎರಡೂ ಅಂಗೈ ಕೊಟ್ಟು ನಿಂತಿದ್ದ.

ಕಟ್ ಎಂದು ಒಂದು ಸದ್ದು. ಬಲಗಡೆಯ ತುದಿ ಪುಡಿಯಾಗಿ ಸುರಿಯಿತು. ಮಿಕ್ಕದ್ದು ಇಡಿಯಾಗಿ, ಮೊರದಗಲ, ಅವನ ಅಂಗೈ ಮೇಲೆ ಒರಗಿತು.

ಕಲ್ಲಿನ ಕಡೆ ನೋಡಿದೆ. ಅಲ್ಲಿ ಅಕ್ಷರ ಇರಲಿಲ್ಲ. ಪಟ್ಟಿಯ ಉದ್ದಕ್ಕೂ ಮೈ ಕಿತ್ತ ಗಾಯದ ಹಾಗೆ ಒರಟೊರಟು ಕೆಂಪು. ಕಾಲ ಕಳೆದು ಕಲ್ಲಿನ ತೊಗಲು ಸಡಿಲವಾಗಿತ್ತು. ಎಣ್ಣೆ ಎಲ್ಲಿ ಬಿಟ್ಟಿತ್ತೋ ಅಲ್ಲಿ ಸುಣ್ಣ ಅದನ್ನು ಕಚ್ಚಿಕೊಂಡಿತ್ತು. ಸುಣ್ಣದ ಜೊತೆ ಕಲ್ಲಿನ ತೊಗಲೂ ಎದ್ದು ಬಂದಿತ್ತು. ಇಷ್ಟು ಶತಮಾನ ಮಳೆ ಬಿಸಿಲು ಮಾಡಲಾಗದ್ದನ್ನು ಪುರಾತತ್ವದ ಒಬ್ಬ ನೌಕರ ಒಂದು ಭಾನುವಾರ ಮಾಡಿ ಮುಗಿಸಿದ್ದ. ನೆಲದ ಮೇಲೆ ಕೂತುಬಿಟ್ಟೆ.

"ಸಾರ್," ಅಂದ ಗಣಿಯವನು, "ಇತ್ಲಾಗೆ ನೋಡಿ."

ಚಕ್ಕೆಯನ್ನು ಆಯಮ್ಮನ ಮಡಿಲಿಗೆ ಬೋರಲು ಹಾಕಿದ್ದ. ಅದರ ಬೆನ್ನು ಮೇಲಾಗಿತ್ತು. ಕಲ್ಲಿನ ಕಂದು ತೊಗಲಿನ ನಡುವೆ, ಗುಳಿಗಳಲ್ಲಿ ತುಂಬಿಕೊಂಡಿದ್ದ ಸುಣ್ಣ ಬೆಳ್ಳಗೆ ಸಾಲುಗಟ್ಟಿ ನಿಂತಿತ್ತು. ಬಲದಿಂದ ಎಡಕ್ಕೆ, ಕನ್ನಡಿಯೊಳಗಿನ ಹಾಗೆ ತಿರುಗಿದ ಹಳಗನ್ನಡ. ಎಲ್ಲಿ ಅಕ್ಷರ ಇರಬೇಕಿತ್ತೋ ಅಲ್ಲಿ ಇರಲಿಲ್ಲ. ಇದ್ದದ್ದು ಸತ್ತವರ ಬಳಿತದ ಬೆನ್ನ ಮೇಲೆ. ಒಂದು ಮಗ್ಗುಲಲ್ಲಿ ಆಯಮ್ಮನ ಮಗ, ಇನ್ನೊಂದು ಮಗ್ಗುಲಲ್ಲಿ ಸರ್ಕಾರದ ಇತಿಹಾಸ. ಮುಟ್ಟಿದರೆ ಉದುರುವ ವಸ್ತು. ಒದ್ದೆ ಕಾಗದ ಹಾಸಿ ಬಡಿಯುವ ಮಾತೇ ಇಲ್ಲ. ಬಂಗಾರಪೇಟೆಯ ಓವರ್‌ಸಿಯರಿಗೆ ಇದನ್ನೇ ಒಯ್ದು ತೋರಿಸಬೇಕಿತ್ತು.

ಸೋಮವಾರ ಗಣಿಯವನು ಶಿಫ್ಟು ಬಿಟ್ಟು ಕಲ್ಲಿಗೆ ಒರಗಿ ಕೂತ. "ಸುತ್ತಿಗೆಯೋರು ಬಂದ್ರೆ ಮೊದ್ಲು ನನ್ ತಲೆ ಒಡೀಲಿ. ನೀವು ಓಗ್ಬನ್ನಿ" ಅಂದ. ಎತ್ತಿನ ಗಾಡಿ ಕುಲುಕುತ್ತದೆ ಎಂದು ಆಯಮ್ಮ ಊರಿಗಾಂ ಸ್ಟೇಷನ್ನಿನವರೆಗೆ ನಡೆದಳು, ಮೊರದಲ್ಲಿ ಹಳೆ ಸೀರೆ ಹಾಸಿ ಚಕ್ಕೆ ಇಟ್ಟುಕೊಂಡು. ರೈಲಿನಲ್ಲಿ ಕೂತ ಮೇಲೆ ನಾನು ಕೈ ಚಾಚಿದೆ. ಕೊಡಲಿಲ್ಲ. ಪಕ್ಕದಲ್ಲಿದ್ದ ತಮಿಳು ಹೆಂಗಸು "ಎನ್ನಮ್ಮಾ ಅದು?" ಎಂದು ಕೇಳಿದ್ದಕ್ಕೆ, "ಮಗ" ಅಂದಳು. ಆ ಹೆಂಗಸು ಜರುಗಿ ಜಾಗ ಬಿಟ್ಟಳು.

ಓವರ್‌ಸಿಯರ್ ಚಕ್ಕೆಯನ್ನು ನೋಡಿದರು, ನನ್ನನ್ನು ನೋಡಿದರು. "ಇದ್ಯಾವ ಭಾಷೆ ರೀ?"

ಬಾಗಿಲ ಹಿಂದೆ ತಲೆ ಬಾಚಿಕೊಳ್ಳಲು ನೇತು ಹಾಕಿದ್ದ ಕನ್ನಡಿ ಬಿಚ್ಚಿ ತಂದು ಎದುರಿಗೆ ಹಿಡಿದೆ. ಅಕ್ಷರ ನೆಟ್ಟಗಾಯಿತು. ಬೆರಳಿಟ್ಟು ತೋರಿಸಿದೆ: ತುಱು ಅಂದರೆ ದನ, ಇಲ್ಲಿ ಸತ್ತ ಅಂತಿದೆ. ಓವರ್‌ಸಿಯರ್ ಮಗ್ಗಿ ಕಲಿಯುವವರ ಹಾಗೆ ತುಟಿ ಅಲ್ಲಾಡಿಸುತ್ತ ಕನ್ನಡಿಯೊಳಗೆ ಬಗ್ಗಿದರು.

"ಏನಂತೆ ಸಾಮಿ?" ಅಂದಳು ಆಯಮ್ಮ.

"ಊರ ದನ ಬಿಡಿಸಿಕೊಂಡು ಬರೋಕೆ ಹೋಗಿ ಸತ್ತನಂತೆ ಅಮ್ಮ."

"ಎಸ್ರು?"

"ಹೆಸರಿದ್ದ ತುದಿ ಪುಡಿಯಾಗೋಯ್ತು. ನನ್ನ ಕೈಲೇ."

ಆಯಮ್ಮ ಚಕ್ಕೆಯ ಮುರಿದ ಅಂಚಿಗೆ ಹಳೆ ಸೀರೆ ಮುಚ್ಚಿದಳು. "ಅವ್ನ ತಾಯಿಗೆ ಗೊತ್ತಿರ್ತದೆ ಬಿಡಿ."

ಓವರ್‌ಸಿಯರ್ ನಕ್ಷೆ ಬಿಡಿಸಿ, ಹುಣಸೆ ಮರದ ಹತ್ತಿರ ಕೆಂಪು ಪೆನ್ಸಿಲಿನಲ್ಲಿ ಒಂದು ಡೊಂಕು ಎಳೆದರು. ಕಂಟ್ರಾಕ್ಟರನಿಗೆ ಆಗಲೇ ಆಳು ಅಟ್ಟಿದರು. "ಮೇಲಿನೋರು ಕೇಳಿದ್ರೆ ನಿಮ್ಮ ಹೆಸರು ಹೇಳ್ತೀನಿ" ಅಂದರು. ಅದನ್ನು ನೆನೆದು ನಾನು ಆಮೇಲೆ ಎಷ್ಟೋ ದಿನ ಬೆವರಿದ್ದೇನೆ.

ಅಂಚೆ ಕಚೇರಿಯಿಂದ ಇಲಾಖೆಗೆ ಟ್ರಂಕ್ ಕಾಲ್ ಹಾಕಿದೆ.

"ಭಲೆ! ಮೂಲ ಎಲ್ಲಿದೆ?" ಅಂದರು ಸಾಹೇಬರು.

"ಮಡಿಲಲ್ಲಿದೆ ಸಾರ್."

"ಯಾರ ಮಡಿಲಲ್ಲಿ?"

ಹೇಳಿದೆ. ಗೊರಗೊರ ಸದ್ದಿನ ನಡುವೆ ಸಾಹೇಬರು ಇನ್ನೊಮ್ಮೆ ಹೇಳಿಸಿದರು. ಆಮೇಲೆ, "ಭಾವನೆಗಳಿಗೆ ನಮ್ಮಲ್ಲಿ ಕಪಾಟಿಲ್ಲ ಕಣ್ರೀ. ಮೂಲ ಇಲಾಖೆಗೆ ಬರಬೇಕು. ಇವತ್ತಿನ ಗಾಡಿಗೇ ಹೊರಡಿ."

ಬಂಗಾರಪೇಟೆಯ ಸ್ಟೇಷನ್ನಿನಲ್ಲಿ ಒಂದು ಕಡೆ ಬೆಂಗಳೂರಿಗೆ ಹೋಗುವ ಗಾಡಿ, ಇನ್ನೊಂದು ಕಡೆ ಊರಿಗಾಂ ಕಡೆಗೆ ಹೋಗುವ ಪ್ಯಾಸೆಂಜರ್. ಆಯಮ್ಮ ಬೆಂಚಿನ ಮೇಲೆ ಮೊರ ಇಟ್ಟುಕೊಂಡು ಕೂತಿದ್ದಳು. ನಾನು ಸರ್ಕಾರಿ ನೌಕರ. ಮೊರವನ್ನು ಕೇಳಿದರೆ ಆಯಮ್ಮ ಕೊಡಲೇಬೇಕಿತ್ತು. ಅದು ಅವಳಿಗೂ ಗೊತ್ತಿತ್ತು. ಕೇಳಲಿ ಎಂದೇ ಕಾಯುತ್ತಿದ್ದಳು, ನನ್ನ ಮುಖ ನೋಡದೆ. ಬೆಂಗಳೂರಿನ ಗಾಡಿ ಸೀಟಿ ಹೊಡೆಯಿತು. ನನ್ನ ಮನೆ, ಮಕ್ಕಳ ಸ್ಕೂಲು, ಇನ್ನೇನು ಬರಬೇಕಿದ್ದ ಬಡ್ತಿ ಎಲ್ಲ ಆ ಡಬ್ಬಿಗಳಲ್ಲಿ ಕೂತು ನನ್ನನ್ನು ಕರೆದ ಹಾಗಾಯಿತು.

ಗಾಡಿ ಹೋಗಲಿ ಅಂತ ಬಿಟ್ಟೆ. ಬಿಟ್ಟ ಕೂಡಲೆ ಬೆನ್ನಟ್ಟಿ ಹತ್ತಬೇಕು ಅನ್ನಿಸಿ ನಾಲ್ಕು ಹೆಜ್ಜೆ ಓಡಿದ್ದೂ ನಿಜ.

"ಏಳಿ ಅಮ್ಮ" ಅಂದೆ. ಪೇಟೆ ಬೀದಿಯ ಸ್ಟುಡಿಯೋಗೆ ಕರೆದುಕೊಂಡು ಹೋದೆ. ಅಲ್ಲಿಯವನು ಮದುವೆ ಹೆಣ್ಣಿಗೆ ಹಾಕುವಷ್ಟು ದೀಪ ಹಾಕಿ ಚಕ್ಕೆಯ ಬೆನ್ನಿನ ಫೋಟೋ ತೆಗೆದ. ನೆಗೆಟಿವನ್ನು ತಿರುವಿ ಹಾಕಿ ಅಚ್ಚು ಮಾಡಿದ. ಅಕ್ಷರ ಎಡದಿಂದ ಬಲಕ್ಕೆ ನೆಟ್ಟಗೆ ಬಂತು. ಆಮೇಲೆ ತಾನಾಗಿಯೇ ಚಕ್ಕೆಯನ್ನು ಹೊರಳಿಸಿ, ಆ ಕಡೆಯದೂ ಒಂದು ತೆಗೆಯಲೇ ಎಂದು ಆಯಮ್ಮನನ್ನು ಕೇಳಿದ. "ಬ್ಯಾಡಪ್ಪ, ಅದ್ರಾಗೆ ಬರೀ ಬಿಳೀದು ಬತ್ತದೆ" ಅಂದಳು.

ಮರುದಿನ ಆಯಮ್ಮ ಸುಣ್ಣ ಕಲೆಸಿದಳು. ಕಲ್ಲಿನ ಗಾಯಕ್ಕೆ ತೆಳುವಾಗಿ ಬಳಿದು, ನಾನೂ ಗಣಿಯವನೂ ಹಿಡಿದುಕೊಂಡ ಚಕ್ಕೆಯನ್ನು ಇದ್ದ ಜಾಗಕ್ಕೇ ಒತ್ತಿದಳು. ಅಕ್ಷರ ಮತ್ತೆ ಒಳಗೆ ಹೋಯಿತು. ಗಣಿಯವನು ಬಟ್ಟೆಗೆ ನೀರು ಚಿಮುಕಿಸಿ ನನ್ನ ಪಂಚೆಯ ತುಂಡುಗಳನ್ನು ಒಂದೊಂದಾಗಿ ಬಿಡಿಸಿ ನನಗೆ ಕೊಟ್ಟ. "ತಕಳಿ ಸಾರ್. ಮನೇಲಿ ಏನಂತ ಏಳ್ತೀರೋ."

ಇಲಾಖೆಗೆ ಫೋಟೋ ಜೊತೆ ವರದಿ ಕಳಿಸಿದೆ: ಮೂಲ ಬರಹ ಸ್ವಸ್ಥಾನದಲ್ಲೇ ಸುರಕ್ಷಿತವಾಗಿದೆ. ಅಕ್ಷರಶಃ ನಿಜ. ಬಡ್ತಿ ಬರಲಿಲ್ಲ. ಫಲಕ ಬಂತು, ನೀಲಿ ಬಣ್ಣದ ತಗಡಿನ ಮೇಲೆ ಬಿಳಿ ಅಕ್ಷರ, ನಾಡಿಗೆಲ್ಲ ಒಂದೇ ಒಕ್ಕಣೆ. ನಾನೇ ಹೋಗಿ ಕಂಬ ನೆಡಿಸಿ ಊರವರಿಗೆ ಓದಿ ಹೇಳಿದೆ: ಇದು ಸಂರಕ್ಷಿತ ಸ್ಮಾರಕ, ಕೆಡಿಸುವುದು, ಕೆತ್ತುವುದು, ಸುಣ್ಣ ಬಳಿಯುವುದು ಶಿಕ್ಷಾರ್ಹ.

"ಅಂದ್ರೆ ಇನ್ಮೇಲೆ ನಾವು ಸಾಯಂಗಿಲ್ವಾ ಸಾರ್?" ಅಂದ ಗಣಿಯವನು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಈ ವರ್ಷ ಬೇಸಿಗೆಯಲ್ಲಿ ಆ ಕಡೆಯ ಫಲಕಗಳ ತಪಾಸಣೆಗೆ ನನ್ನನ್ನೇ ಹಾಕಿದರು. ಡೊಂಕು ರಸ್ತೆಯಲ್ಲಿ ಬಸ್ಸು ಇಳಿದೆ. ವೀರಗಲ್ಲು ಇದ್ದ ಹಾಗೇ ಇತ್ತು, ಸುಣ್ಣ ಹಳತಾಗಿ ಕಂದಿತ್ತು. ಪಕ್ಕದ ಫಲಕ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಹತ್ತಿರ ಹೋಗಿ ಮೂಸಿ ನೋಡಿದೆ. ಅರಳೆಣ್ಣೆ ಸವರಿ, ಮೇಲಿನಿಂದ ಕೆಳಗಿನವರೆಗೆ ಅಚ್ಚುಕಟ್ಟಾಗಿ ಒಂದು ಬಳಿತ.

ಆಯಮ್ಮ ಹೊಲದಿಂದ ಎದ್ದು ಬಂದಳು.

"ಕಲ್ಲಿಗೆ ಬಳೀಬಾರ್ದು ಅಂತ ನೀವೇ ಓದಿದ್ರಲ್ಲ ಸಾಮಿ. ಅದುಕ್ಕೆ."

"ಯಾರು?" ಅಂದೆ. ಕೇಳುವ ಮೊದಲೇ ಗೊತ್ತಾಗಿತ್ತು. ನಾನು ಬಂದದ್ದು ಮೊದಲ ಶಿಫ್ಟು ಮುಗಿಯುವ ಹೊತ್ತಿಗೆ. ಗಣಿಯವನ ಸೈಕಲ್ಲು ಮರಕ್ಕೆ ಒರಗಿತ್ತು, ಟೈರಿನಲ್ಲಿ ಗಾಳಿ ಇರಲಿಲ್ಲ.

"ಇವ್ನೂ ಮೇಲಕ್ಕೆ ಬರ್ನಿಲ್ಲ" ಅಂದಳು.

ತಪಾಸಣೆ ವರದಿಯಲ್ಲಿ ಫಲಕದ ಸ್ಥಿತಿ ಅಂತ ಒಂದು ಕಡೆ ತುಂಬಬೇಕು. ಓದಲು ಬಾರದಂತಾಗಿದ್ದರೆ ಅಳಿಸಿ ಸರಿಪಡಿಸಲು ಅಲ್ಲೇ ಆಳು ಹಿಡಿಯುವ ಅಧಿಕಾರ ನನಗಿದೆ. ಹುಣಸೆ ಮರದ ಕೆಳಗೆ ಕೂತು, ಸ್ಥಿತಿ ಉತ್ತಮ ಎಂದು ಬರೆದೆ. ಈ ಸ್ಥಳಕ್ಕೆ ಇನ್ನೊಂದು ಫಲಕ ಬೇಕು ಎಂದು ಕೆಳಗೆ ಸೇರಿಸಿದೆ. ಕಾರಣ ಕೇಳುವ ಜಾಗದಲ್ಲಿ, ಮೊದಲನೆಯದು ಬಳಕೆಯಲ್ಲಿದೆ ಎಂದು ಬರೆದು ಸಹಿ ಹಾಕಿದೆ.